ಏಕಾದಶಿಯ ಶುಗರ್

“ಗುರುಗಳೇ, ನನ್ನನ್ನು ನಾನು ನೋಡಿಕೊಂಡಾಗ ಕಾಣುವುದು ನಿಜವೋ, ಬೇರೆಯವರು ಹೇಳುವುದು ನಿಜವೋ?” ಎಂದು ಶಿಷ್ಯ ಕೇಳಿದ.

“ಯಾಕಪ್ಪಾ, ಏನಾಯಿತು?” ಎಂದರು ಗುರುಗಳು.

“ದಿನಾ ಬೆಳಗಿನ ನಾಲ್ಕು ಗಂಟೆಗೆ ಎದ್ದು, ಸ್ನಾನ ಮಾಡಿ, ಕಣ್ಣು ಮುಚ್ಚಿ ಕೂತು ಮನಸ್ಸನ್ನು ನೋಡಿಕೊಳ್ಳುತ್ತೇನೆ. ಮೂರು ವರ್ಷವಾಯಿತು. ಸಿಟ್ಟಿನ ಸುಳಿವೇ ಇಲ್ಲ. ಮೊನ್ನೆ ಹೆಂಡತಿ, ನಿಮ್ಮ ಸಿಟ್ಟಿಗೆ ಹೆದರಿ ಮಗಳು ತವರಿಗೆ ಬರುವುದನ್ನೇ ಬಿಟ್ಟಿದ್ದಾಳೆ ಅಂದಳು. ನನಗೆ ತಲೆಬುಡ ಅರ್ಥವಾಗುತ್ತಿಲ್ಲ.”

ಗುರುಗಳು ಈ ಕತೆ ಹೇಳಿದರು.

ಒಂದೂರಿನ ದೇವಸ್ಥಾನದಲ್ಲಿ ಒಬ್ಬ ಅಡುಗೆಯವನಿದ್ದ. ನೈವೇದ್ಯ ಮಾಡುವುದು ಅವನ ಕೆಲಸ. ದಿನಾ ಸಿಹಿ ಪೊಂಗಲ್, ಪುಳಿಯೋಗರೆ, ಪಾಯಸ. ದೇವರಿಗೆ ಒಪ್ಪಿಸುವ ಮೊದಲು ರುಚಿ ನೋಡುವಂತಿಲ್ಲ, ನೋಡಿದರೆ ಎಂಜಲು. ಅದಕ್ಕೇ ಅಲ್ಲಿ ಒಂದು ಪದ್ಧತಿ ಇತ್ತು. ಮಂಗಳಾರತಿ ಆದ ಮೇಲೆ ಮೂರು ಪಾತ್ರೆಯಿಂದಲೂ ಮೊದಲ ತುತ್ತು ಅಡುಗೆಯವನಿಗೆ. ಉಪ್ಪು ಸಿಹಿ ಹೆಚ್ಚುಕಡಿಮೆ ಆಗಿದ್ದರೆ ಮೊದಲು ಅವನಿಗೇ ತಿಳಿಯಲಿ ಎಂದು. ತುತ್ತು ಅನ್ನುವುದು ಹೆಸರಿಗೆ ಮಾತ್ರ. ಬೊಗಸೆ ತುಂಬ ಬೀಳುತ್ತಿತ್ತು.

ಇನ್ನೂ ಎರಡು ಕಟ್ಟಳೆ ಇದ್ದವು. ಮೈಯಿಂದ ರಕ್ತ ಬಂದ ದಿನ ಅಡುಗೆಯವನು ಮಡಿಯ ಅಡುಗೆಮನೆಗೆ ಕಾಲಿಡುವಂತಿಲ್ಲ. ಅಂಗ ಊನವಾದವನು ಎಂದೆಂದಿಗೂ ಕಾಲಿಡುವಂತಿಲ್ಲ. ಇದು ಸರಿಯೇ ಎಂದು ನನ್ನನ್ನು ಕೇಳಬೇಡ. ಅವನು ನಂಬಿದ್ದ, ಅಷ್ಟೆ.

ಐವತ್ತು ದಾಟಿದ ಮೇಲೆ ಅವನಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು, ಪಥ್ಯ ಹೇಳಿದರು, ಬೆರಳು ಚುಚ್ಚಿ ಶುಗರ್ ನೋಡುವ ಮೆಷಿನ್ನು ತೆಗೆದುಕೊಳ್ಳಲು ಹೇಳಿದರು. ಊಟ ಶುರುಮಾಡಿ ಎರಡು ಗಂಟೆ ಆದ ಮೇಲೆ ಚುಚ್ಚಿ ನೋಡಬೇಕು, ತಿಂದದ್ದನ್ನೂ ಬಂದ ಅಂಕಿಯನ್ನೂ ಬರೆದಿಡಬೇಕು. ಅಡುಗೆಯವ ಪ್ರಾಮಾಣಿಕ. ಒಂದು ನೋಟ್‌ಬುಕ್ ತಂದು, ಅರ್ಧ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಎಂದು ಮನೆಯ ಊಟವನ್ನೆಲ್ಲ ಬಿಡದೆ ಬರೆದ. ಚುಚ್ಚಿದರೆ ರಕ್ತ ಬರುತ್ತದಲ್ಲ, ಹಾಗಾಗಿ ಅಡುಗೆಮನೆಗೆ ರಜೆ ಇದ್ದ ದಿನ ಮಾತ್ರ ಚುಚ್ಚಿಕೊಂಡ. ನೂರೈದು ಬಂತು. ತೊಂಬತ್ತೆಂಟು ಬಂತು. ಅವನಿಗೆ ಸಂತೋಷವಾಯಿತು.

ಒಂದು ದಿನ ಪೊಂಗಲ್ ಕುದಿಯುವಾಗ ಏನೋ ಸೀದ ವಾಸನೆ ಬಂತು. ಅವನು ಮೊದಲು ಪಾತ್ರೆ ನೋಡಿದ, ಆಮೇಲೆ ಕಾಲು ನೋಡಿದ. ಹೆಬ್ಬೆರಳ ಮೇಲೆ ಕೆಂಡ ಬಿದ್ದಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ.

ಗಾಯ ತಿಂಗಳಾದರೂ ಮಾಯಲಿಲ್ಲ. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಅದು. ಏಳರೊಳಗೆ ಇರಬೇಕಾದದ್ದು ಒಂಬತ್ತೂವರೆ ಇತ್ತು. ಹೀಗೇ ಹೋದರೆ ಬೆರಳು ತೆಗೆಯಬೇಕಾಗುತ್ತದೆ ಎಂದರು. ಬೆರಳು ಹೋದರೆ ಅವನ ಕೆಲಸವೂ ಹೋಯಿತು. ಮೂವತ್ತು ವರ್ಷ ದೇವರಿಗೆ ಉಣಿಸಿದವನು ಆಮೇಲೆ ಗರುಡಗಂಬದ ಆಚೆ ನಿಲ್ಲಬೇಕು. ಅವನು ಮನೆಗೆ ಬಂದು ಅತ್ತ.

ಆಮೇಲೆ ಗೊಂದಲ ಶುರುವಾಯಿತು. ಮೆಷಿನ್ನು ಚೆನ್ನಾಗಿದ್ದೀಯ ಅನ್ನುತ್ತದೆ, ಪರೀಕ್ಷೆ ಕೆಟ್ಟಿದ್ದೀಯ ಅನ್ನುತ್ತದೆ. ಇರುವುದು ಒಂದೇ ಮೈ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅವನು ಮೊದಲು ಮೆಷಿನ್ನನ್ನು ಬೈದ. ಹೊಸದು ತಂದ. ಅದೂ ನೂರೆರಡು ಅಂದಿತು. ಹಾಗಾದರೆ ನನ್ನ ರಕ್ತವನ್ನು ಇನ್ನೊಬ್ಬರದರ ಜೊತೆ ಅದಲುಬದಲು ಮಾಡಿದ್ದಾರೆ ಅಂದ. ಇನ್ನೊಮ್ಮೆ ಕೊಟ್ಟ. ಅದೇ ಒಂಬತ್ತೂವರೆ. ಮುದ್ದೆ ಕಾಲು ಮಾಡಿದ. ಕಾಫಿ ಬಿಟ್ಟ. ಕೊನೆಗೆ ಬರೀ ಸೊಪ್ಪು ತಿಂದ. ಮೈ ಸೊರಗಿತು, ಗಾಯ ಹಾಗೇ ಇತ್ತು. ಪಾಪ, ಅವನು ಮಾಡದ ಪಥ್ಯವಿಲ್ಲ.

ಡಾಕ್ಟರಮ್ಮ ನೋಟ್‌ಬುಕ್ ತೆರೆದು, ಗೋಡೆಯ ಕ್ಯಾಲೆಂಡರ್ ನೋಡಿದರು.

“ಇದೇನ್ರೀ, ನೀವು ಚುಚ್ಕೊಂಡಿರೋದೆಲ್ಲ ಏಕಾದಶಿ ದಿನಾನೇ!”

“ಅವತ್ತು ದೇವರಿಗೆ ಅನ್ನ ನೈವೇದ್ಯ ಇಲ್ಲಮ್ಮ. ಒಲೆ ಹಚ್ಚೋ ಹಾಗಿಲ್ಲ, ನನಗೂ ಉಪವಾಸ. ರಕ್ತ ಬಂದ್ರೂ ದೋಷ ಇಲ್ಲ.”

“ಉಪವಾಸ ಇದ್ದು ನೋಡ್ಕೊಂಡ್ರೆ ಯಾರ್ದಾದ್ರೂ ಚೆನ್ನಾಗೇ ಕಾಣತ್ತೆ. ಒಲೆ ಹಚ್ಚಿದ ದಿನ, ಕೆಲಸ ಮುಗಿಸಿ ಬಂದು ನೋಡಿ.”

ಮರುದಿನ ಮಂಗಳಾರತಿ ಮುಗಿಯಿತು. ಅಡುಗೆಯವ ಮಡಿ ಬಿಚ್ಚಿ ಮನೆಗೆ ಬಂದ. ತಟ್ಟೆಯ ಮುಂದೆ ಕೂರುವ ಮೊದಲು ಚುಚ್ಚಿಕೊಂಡ. ಇನ್ನೂರ ಎಂಬತ್ತಾರು.

“ಊಟಾನೇ ಮಾಡಿಲ್ಲ ಕಣೇ! ಬೆಳಗಿಂದ ಏನೂ ತಿಂದಿಲ್ಲ!” ಎಂದ ಹೆಂಡತಿಗೆ.

“ಮತ್ತೆ ದೇವಸ್ಥಾನದಲ್ಲಿ ಮೂರು ತುತ್ತು?”

“ಅದು ಪ್ರಸಾದ. ತಿನ್ನೋ ಲೆಕ್ಕಕ್ಕೆ ಬರತ್ತೇನೆ?”

“ಪ್ರಸಾದ ಅಂತ ನಿಮಗೆ ಗೊತ್ತು. ಆ ಮೆಷಿನ್ನಿಗೆ ಯಾರು ಹೇಳ್ಬೇಕು?”

ಅಡುಗೆಯವ ನೋಟ್‌ಬುಕ್ ತಿರುವಿದ. ಒಂದು ಸುಳ್ಳೂ ಇರಲಿಲ್ಲ. ಪೊಂಗಲ್ ಕೂಡ ಇರಲಿಲ್ಲ. ಮಾರನೆಯ ದಿನ ಅರ್ಚಕರ ಮುಂದೆ ಬೊಗಸೆಯ ಬದಲು ಮೂರು ಬೆರಳು ಒಡ್ಡಿ, ಒಂದೊಂದು ಪಾತ್ರೆಯದೂ ಒಂದೊಂದು ಅಗುಳು ಸಾಕು ಅಂದ. ಅಗುಳಾದರೂ ಪ್ರಸಾದವೇ ಅಂದರು ಅರ್ಚಕರು. ಅಂದಿನಿಂದ ಒಲೆ ಹಚ್ಚಿದ ದಿನವೂ ಕೆಲಸ ಮುಗಿಸಿ ಚುಚ್ಚಿಕೊಂಡ, ಅಗುಳನ್ನೂ ಬರೆದ. ಅರ್ಧ ಮುದ್ದೆ ಮತ್ತೆ ತಟ್ಟೆಗೆ ಬಂತು.

ಗುರುಗಳು ಕತೆ ನಿಲ್ಲಿಸಿದರು.

“ಬೆರಳು ಉಳಿಯಿತೇ?” ಎಂದು ಶಿಷ್ಯ ಕೇಳಿದ.

“ಉಳಿಯಿತು. ಐದು ತಿಂಗಳು ಹಿಡಿಯಿತು. ಉಗುರು ಬರಲಿಲ್ಲ.”

“ಗುರುಗಳೇ, ಕತೆ ಚೆನ್ನಾಗಿದೆ,” ಎಂದ ಶಿಷ್ಯ. “ ಆದರೆ ನನಗೆ ಸಕ್ಕರೆ ಕಾಯಿಲೆ ಇಲ್ಲ. ನಾನು ಕೇಳಿದ್ದು ಸಿಟ್ಟಿನ ವಿಷಯ. ನಾನು ನೋಡಿಕೊಂಡಾಗ ಅದು ನಿಜವಾಗಿಯೂ ಇರುವುದಿಲ್ಲ.”

“ಇರುವುದಿಲ್ಲ, ನಂಬುತ್ತೇನೆ,” ಎಂದರು ಗುರುಗಳು. “ಬೆಳಗಿನ ನಾಲ್ಕು ಗಂಟೆಗೆ ನಿನ್ನ ಮನೆಯಲ್ಲಿ ಬೇರೆ ಯಾರು ಎದ್ದಿರುತ್ತಾರೆ?”