ನೇಕಾರನ ಕೂಸು ಕಂಡ ಮುಖಗಳು

"ಗುರುಗಳೇ, ಗಂಡಸರೇ ಕಲಿಯುವ ನಮ್ಮಲ್ಲಿಗೆ ನಿನ್ನೆ ಪಾಠ ಕಲಿಯಲು ಒಬ್ಬ ಹೆಣ್ಣುಮಗಳು ಬಂದಿದ್ದಳು. ಅವಳ ಮುಖ ಕಂಡ ಕೂಡಲೇ ನನ್ನ ಮನಸ್ಸು ಬೇಡ ಎಂದುಬಿಟ್ಟಿತು. ಬಾಗಿಲಿನಿಂದಲೇ ಕಳಿಸಿದೆ. ಒಳಗಿನಿಂದ ತಾನಾಗಿ ಬಂದ ಮಾತು ಸುಳ್ಳಾಗುತ್ತದೆಯೇ?" ಎಂದು ಶಿಷ್ಯ ಕೊಟ್ರಯ್ಯ ಕೇಳಿದ.

"ಭೇಷ್! ಕೂತುಕೋ, ಒಂದು ಕತೆ ಕೇಳು" ಎಂದರು ಗುರುಗಳು.

ಒಬ್ಬ ನೇಕಾರನಿದ್ದ. ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡಳು, ಕೂಸು ಉಳಿಯಿತು. ಊರಾಚೆಯ ಮಗ್ಗದ ಮನೆಯಲ್ಲೇ ಅವನ ಬಿಡಾರ. ಅಲ್ಲಿ ಕೆಲಸಕ್ಕಿದ್ದ ಐವರೂ ಗಂಡಸರು. ನೇಕಾರ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ನೇಯುತ್ತಿದ್ದ, ಪಕ್ಕದ ನೆಲದ ಮೇಲೆ ಕೂಸು ಮಲಗಿರುತ್ತಿತ್ತು. ಅತ್ತರೆ ಮೇಕೆಯ ಹಾಲನ್ನು ಒಳಲೆಯಲ್ಲಿ ಕುಡಿಸುತ್ತಿದ್ದ. ಅವನಿಗೆ ಕೈಬಿಡುವಿಲ್ಲದಾಗ ಉಳಿದವರಲ್ಲಿ ಯಾರಾದರೂ ಎತ್ತಿಕೊಳ್ಳುತ್ತಿದ್ದರು.

ಐದನೆಯ ತಿಂಗಳಿಗೆ ಅವನ ಅತ್ತೆ ದೂರದ ಊರಿನಿಂದ ಬಂದಳು. ಅವಳಿಗೆ ಇದ್ದವಳು ಒಬ್ಬಳೇ ಮಗಳು. ಈಗ ಈ ಕೂಸೊಂದೇ ಗತಿ. ಇಲ್ಲೇ ಇದ್ದು ಸಾಕುತ್ತೇನೆ ಎಂದು ಕೈಚಾಚಿದಳು. ಕೂಸು ಮುಖ ತಿರುಗಿಸಿ ಕಿರುಚಿ ಅತ್ತಿತು. ಎಷ್ಟು ಸಲ ಎತ್ತಿಕೊಂಡರೂ ಅದೇ ಗೋಳು.

"ಅಯ್ಯೋ, ನನ್ನ ಮಗಳ ಕೂಸಿಗೇ ನಾನು ಬೇಡವಾದೆನೇ!" ಎಂದು ಮುದುಕಿ ಗಂಟು ಕಟ್ಟಿದಳು.

ನೇಕಾರನಿಗೆ ಒಳಗೊಳಗೇ ಹಿಗ್ಗು. ಕೂಸಿಗೆ ಅಪ್ಪ ಯಾರೆಂದು ಗೊತ್ತಿದೆ, ಮುದುಕಿ ಹೋದರೆ ಹೋಗಲಿ ಎಂದುಕೊಂಡ. ತಡೆಯಲಿಲ್ಲ.

ಅಷ್ಟರಲ್ಲಿ ನೂಲು ಮಾರುವವನೊಬ್ಬ ಬಂದ. ಹಿಂದೆಂದೂ ಆ ಕಡೆ ತಲೆಹಾಕದವನು. ಕೂಸು ಅವನನ್ನು ಕಂಡು ಬಾಯ್ತುಂಬ ನಕ್ಕಿತು. ಎತ್ತಿಕೊಂಡರೆ ಹೆಗಲಿಗೆ ಒರಗಿತು. ನೇಕಾರನ ಹಿಗ್ಗೆಲ್ಲ ಜರ್ರನೆ ಇಳಿಯಿತು. ಕೂಸಿಗೆ ಗೊತ್ತಿದ್ದದ್ದು ಅಪ್ಪನಲ್ಲ, ಗಂಡಸಿನ ಮುಖ. ಹುಟ್ಟಿದಾಗಿನಿಂದ ಅದು ಕಂಡಿದ್ದೇ ಅಷ್ಟು.

ಅವನು ಓಡಿಹೋಗಿ ಅತ್ತೆಯ ಗಂಟು ಹಿಡಿದುಕೊಂಡ. "ತಪ್ಪಾಯಿತು ಅತ್ತೆ. ಅದು ನಿಮ್ಮನ್ನು ಬೇಡ ಅನ್ನುತ್ತಿಲ್ಲ. ಹೆಂಗಸಿನ ಮುಖವನ್ನೇ ನೋಡಿಲ್ಲ. ಇಲ್ಲೇ ಇರಿ, ನೋಡಲಿ" ಎಂದ.

ಮುದುಕಿ ಮಗ್ಗದ ಪಕ್ಕದಲ್ಲಿ ಕೂತಳು. ಎತ್ತಿಕೊಳ್ಳಲು ಹೋಗಲಿಲ್ಲ. ಕೂಸಿನ ಕಣ್ಣಿಗೆ ಬೀಳುವಂತೆ ಕೂತು ನೂಲು ಸುತ್ತಿದಳು. ಮೊದಮೊದಲು ಅಳು, ಆಮೇಲೆ ಪಿಳಿಪಿಳಿ ನೋಟ. ಹತ್ತನೆಯ ದಿನ ಕೂಸು ತಾನಾಗಿ ಅವಳ ಮೂಗುಬೊಟ್ಟಿಗೆ ಕೈಹಾಕಿತು. ಮುದುಕಿ ಅಳುತ್ತಲೇ ಎತ್ತಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. "ಪಾಪ, ಏನೂ ಅರಿಯದ ಕೂಸು" ಎಂದ ಕೊಟ್ರಯ್ಯ.

"ಹೌದಪ್ಪಾ, ಅದಕ್ಕೆ ಐದು ತಿಂಗಳು. ನಿನಗೆಷ್ಟು?" ಎಂದರು ಗುರುಗಳು.