ಬೊಮ್ಮವ್ವನ ಸೀಳು

ಕವಳೆಗುಡ್ಡದ ಸೀಮೆಯಲ್ಲಿ ಊರಿಂದೂರಿಗೆ ಕಾಲುದಾರಿಗಳನ್ನು ಜೋಡಿಸಿ ಈಚೆಗೆ ಹೊಸದಾಗಿ ಗುರುತಿನ ಕಲ್ಲು ನೆಟ್ಟಿದ್ದಾರೆ. ಚಾರಣದವರು, ಸೈಕಲ್ಲಿನವರು, ಕುರಿಮಂದೆಯವರು, ಎಲ್ಲರೂ ಗುಡ್ಡ ದಾಟುವುದು ಒಂದೇ ಕಡೆ, ಬೊಮ್ಮವ್ವನ ಸೀಳಿನಲ್ಲಿ. ಈ ದಾರಿಗಳನ್ನು ಮೊದಲು ಕಡಿಸಿದವನು ಪಾಳೆಯಗಾರ ಇಮ್ಮಡಿ ತಿಪ್ಪನಾಯಕ ಎನ್ನುತ್ತಾರೆ. ನಡೆಯುವವನಿಗೂ ಹೇರೆತ್ತಿಗೂ ಕುದುರೆಗೂ ಒಂದೇ ದಾರಿಯಾಗಿ, ಸೀಮೆಯ ಊರೆಲ್ಲ ಕೂಡಬೇಕೆಂಬುದು ಅವನ ಆಸೆ.

ಹಿಂದೆ ಒಮ್ಮೆ ಆ ಕೆಲಸ ಗುಡ್ಡದ ನೆತ್ತಿಯ ಕಂಡಿಗೆ ಬಂದು ನಿಂತಿತು. ಕಂಡಿಯನ್ನು ಹಿಡಿದಿದ್ದವನು ದಾರಿಹೋಕರನ್ನು ಸುಲಿದು ಬದುಕುತ್ತಿದ್ದ ಹುಲಿಮಂಡೆ ಲಿಂಗ. ದಾರಿ ಅಗಲವಾದರೆ ತನ್ನ ಬೇಟೆ ತಪ್ಪೀತೆಂದು ಅವನು ಕಲ್ಲುಕುಟಿಗರ ಮೇಲೆ ಬಿದ್ದು, ಅವರ ಯಜಮಾನ ಯಲ್ಲೋಜನ ತಲೆ ಕಡಿದು ಹುಣಿಸೆಕೊಂಬೆಗೆ ಕಟ್ಟಿದ. ಉಳಿದವರು ಹಾರೆ ಬಿಸುಟು ಓಡಿದರು. ನಾಯಕನ ದಂಡು ಬರಲಿ ಎಂದು ಎಲ್ಲರೂ ಕಾಯುತ್ತಿರುವಾಗ, ಯಲ್ಲೋಜನ ಹೆಂಡತಿ ಬೊಮ್ಮವ್ವ ಹಾರೆ ಹೊತ್ತು ಒಬ್ಬಳೇ ಗುಡ್ಡ ಹತ್ತಿದಳು. ಕಂಡಿಯ ಮೇಲೆ, ಅವಳ ಗಂಡ ಬುಡ ಅರ್ಧ ಅಗೆದು ಬಿಟ್ಟಿದ್ದ ದೊಡ್ಡ ಗುಂಡುಬಂಡೆಯೊಂದು ವಾಲಿಕೊಂಡಿತ್ತು. ಅವಳು ಅದರ ಹಿಂದೆ ಹೋಗಿ ನಿಂತಳು. ಕೆಳಗೆ ಕಂಡಿಯಲ್ಲಿ ತನ್ನ ಕಡೆಯವರ ನಡುವೆ ನಿಂತಿದ್ದ ಲಿಂಗ ನಕ್ಕ.

“ನಿನ್ನ ಗಂಡನ ಹೆಣ ಕೊಡ್ತೀನಿ, ದಾರಿ ಆಸೆ ಬಿಟ್ಟು ಹೋಗವ್ವ.”

“ಹೆಣ ಹೊತ್ಕೊಂಡು ಹೋಗೋಕೂ ದಾರಿ ಬೇಕಲ್ಲಪ್ಪ” ಎಂದು ಅವಳು ಹಾರೆ ಮೀಟಿದಳು. ಗುಂಡು ಉರುಳಿತು. ಕೆಳಗಿದ್ದವರು ಹಿಟ್ಟಾದರು. ಸೊಂಟದವರೆಗೆ ಸಿಕ್ಕಿಬಿದ್ದ ಲಿಂಗ ನೆತ್ತರು ಕಾರುತ್ತ, “ತಾಯಿ, ಒಂದೇಟಿಗೆ ಮುಗಿಸಿಬಿಡು” ಎಂದ. ಅವಳು ಇಳಿದು ಬಂದು ಹಾರೆಯೆತ್ತಿ ಮುಗಿಸಿದಳು. ಆಮೇಲೆ ಕೊಂಬೆಯಿಂದ ಗಂಡನ ತಲೆ ಇಳಿಸಿ ಸೆರಗಿನಲ್ಲಿ ಸುತ್ತಿಕೊಂಡಳಂತೆ.

ಆದರೆ ಆ ಗುಂಡೇ ಕಂಡಿಯನ್ನು ಮುಚ್ಚಿಬಿಟ್ಟಿತ್ತು. ನಾಯಕ ಬಂದು ನೋಡಿ, ದಾರಿಯನ್ನು ಸುತ್ತಿಸಿ ಒಯ್ಯೋಣ ಎಂದ. “ಮುಚ್ಚಿದವಳು ನಾನು, ತೆಗೆಯೋಳೂ ನಾನೇ” ಎಂದಳು ಬೊಮ್ಮವ್ವ. ಹೆಣಗಳ ನಾತ ಮೂಗಿಗೆ ಬಡಿಯುತ್ತಿರುವಾಗಲೇ ಅವಳು ಬಂಡೆಗೆ ಉಳಿ ಇಟ್ಟಳು. ಓಡಿದ್ದವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿಕೊಂಡು ಬಂದು ಕೈಜೋಡಿಸಿದರು. ಬಂಡೆಯನ್ನು ನಡುವೆ ಸೀಳಿ ಬಲಗಡೆಯ ಹೋಳನ್ನು ಅತ್ತ ಸರಿಸಿದಾಗ ಅವಳ ತಲೆ ಪೂರಾ ನರೆತಿತ್ತು ಎನ್ನುತ್ತಾರೆ.

ಇಂದಿಗೂ ಆ ಎರಡು ಹೋಳುಗಳು ಎದುರುಬದುರಾಗಿ ನಿಂತಿವೆ. ಅಂಚಿನುದ್ದಕ್ಕೂ ಉಳಿಯ ಕುಳಿಗಳಿವೆ. ಹೇರೆತ್ತುಗಳು ಎದುರಾದರೂ ಮೈ ತಾಗದಷ್ಟು ಅಗಲ. ಎಡಗಡೆಯ ಹೋಳನ್ನು ಯಾರೂ ಕದಲಿಸಿಲ್ಲ. ಅದರಡಿಯಲ್ಲಿ ಲಿಂಗನೂ ಅವನವರೂ ಇನ್ನೂ ಇದ್ದಾರೆ. ದಾರಿ ಅವರ ಪಕ್ಕದಿಂದಲೇ ಹೋಗುತ್ತದೆ.