ಕೆಟ್ಟ ಸುಳಿಯ ಕುದುರೆ

"ನಾನು ಹತ್ತಲಾರದ ಕುದುರೆ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ!" ಎಂದು ತೋಳನಕೋಟೆಯ ಪಾಳೆಯಗಾರ ಕೆಂಚನಾಯಕರು ಅಬ್ಬರಿಸಿದರು. ಮಾತು ಮುಗಿಯುವಷ್ಟರಲ್ಲಿ ಲಾಯದ ಹಿಂದಿನ ಗೊಬ್ಬರದ ಗುಂಡಿಯಲ್ಲಿದ್ದರು.

ಹತ್ತಿದ್ದೇನೋ ನಿಜ. ಮೇಲೆ ಕೂತಿರುವ ಬಗ್ಗೆ ಅವರು ಏನೂ ಹೇಳಿರಲಿಲ್ಲ.

ಅರಬ್ಬಿ ವ್ಯಾಪಾರಿಯಿಂದ ಕೊಂಡ ಆ ಕರಿಕುದುರೆ ಅವರನ್ನು ಕೆಡವಿದ್ದು ವಾರದಲ್ಲಿ ಇದು ಮೂರನೆಯ ಸಲ. ಆಸ್ಥಾನದವರೆಲ್ಲ ಆಕಾಶ ನೋಡುತ್ತ ನಿಂತರು. ನಾಯಕರ ಪತ್ರಗಳನ್ನು ಬರೆಯುವ ಓಬಳಯ್ಯ ಒಬ್ಬನೇ ಕೆಮ್ಮಿದ.

"ಯಾಕಯ್ಯಾ ಕೆಮ್ಮಿದೆ?" ಗುಂಡಿಯಿಂದ ಪ್ರಶ್ನೆ ಬಂತು.

"ಘಾಟು, ಬುದ್ಧಿ."

ದಳವಾಯಿ ಗೂಳಪ್ಪ ಮೀಸೆ ತೀಡಿದ. "ನಾನು ಮೊದಲೇ ಹೇಳಿದ್ದೆ. ಜೀನು ಕೂರುವ ಜಾಗದಲ್ಲೇ ಕೂದಲ ಸುಳಿ ಇದೆ. ಇಂಥ ಸುಳಿಯ ಕುದುರೆ ಯಜಮಾನನನ್ನು ನೆಲಕ್ಕೆ ಹಾಕದೆ ಬಿಡೋದಿಲ್ಲ. ಅಪ್ಪಣೆಯಾದರೆ ಈಗಲೇ ಕಡಿದುಹಾಕ್ತೇನೆ."

"ಸುಳಿ ಬೆನ್ನಲ್ಲಿದೆ, ಭಯ ಕಣ್ಣಲ್ಲಿದೆ" ಎಂದ ಓಬಳಯ್ಯ. "ನಲವತ್ತು ದಿನ ನನಗೆ ಒಪ್ಪಿಸಿ ಬುದ್ಧಿ. ಅಲ್ಲಿಯವರೆಗೆ ನಾನು ಹೇಳದೆ ಯಾರೂ ಹತ್ತಕೂಡದು."

ನಾಯಕರು ಮೈ ಕೊಡವಿಕೊಂಡು ಎದ್ದರು. "ಆಗಲಿ. ವಿಜಯದಶಮಿಗೆ ಕೊಡೆ, ಕೊಂಬು, ನಗಾರಿ ಸಮೇತ ಇದರ ಮೇಲೆ ಬನ್ನಿಮರದ ತನಕ ಹೋಗುತ್ತೇನೆ. ಬಿದ್ದೆನೋ, ಕುದುರೆ ಗೂಳಪ್ಪನ ಕತ್ತಿಗೆ. ನಿನ್ನನ್ನು ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಗಡಿ ದಾಟಿಸುತ್ತೇನೆ."

ಮರುದಿನದಿಂದ ಓಬಳಯ್ಯ ಕುದುರೆಗೆ ಉದ್ದನೆಯ ಹಗ್ಗ ಕಟ್ಟಿಕೊಂಡು ನಡೆಯತೊಡಗಿದ. ತಾನು ನಿಂತರೆ ಅದೂ ನಿಲ್ಲಬೇಕು. ಎದೆಗೆ ಬೆರಳಿಟ್ಟರೆ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಸರಿದ ಕ್ಷಣವೇ ಬೆರಳು ತೆಗೆಯುವನು, ಒಂದು ಚೂರು ಬೆಲ್ಲ ಕೊಡುವನು. ಸರಿಯದಿದ್ದರೆ ಬೆರಳು ಅಲ್ಲೇ ಇರುವುದು. ಬೈಗುಳವಿಲ್ಲ, ಏಟಿಲ್ಲ.

ದಳವಾಯಿ ತನ್ನ ಬಿಳಿಕುದುರೆಗೆ ಚಾಟಿ ಬೀಸುತ್ತ ಪಕ್ಕದಲ್ಲೇ ಹಾದ. "ಏನು ಓಬಳಯ್ಯನವರೇ, ಎಮ್ಮೆ ಮೇಯಿಸೋಕೆ ಹೊರಟಿರಾ?"

"ಇಲ್ಲ ದಳವಾಯಿಗಳೇ, ಅಕ್ಷರ ತಿದ್ದಿಸ್ತಿದ್ದೇನೆ. ಮರಳಲ್ಲಿ ಬರೆಯೋಕೆ ಬಾರದವನ ಕೈಗೆ ಓಲೆ ಕೊಟ್ಟರೆ ಓಲೆ ಹಾಳು."

"ನನ್ನ ಕುದುರೆಗೆ ಚಾಟಿಯೇ ಉಪಾಧ್ಯಾಯ!"

"ಕಾಣ್ತದೆ. ಉಪಾಧ್ಯಾಯರನ್ನು ಕಂಡರೆ ಓಡಿಹೋಗೋ ಹಾಗಿದೆ."

ಕೊಡೆಯನ್ನು ಮೊದಲು ದೂರದಲ್ಲಿ ಬಿಚ್ಚಿಸಿದ, ಆಮೇಲೆ ಹತ್ತಿರದಲ್ಲಿ. ನಗಾರಿಯವನನ್ನು ಕೆರೆ ಏರಿಯ ಮೇಲೆ ನಿಲ್ಲಿಸಿ, ದಿನಕ್ಕೆ ಹತ್ತು ಹೆಜ್ಜೆಯಂತೆ ಮುಂದೆ ಕರೆಸಿದ. ಜೀನನ್ನು ನೂರು ಸಲ ಇಟ್ಟ, ನೂರು ಸಲ ತೆಗೆದ. ಇಪ್ಪತ್ತನೆಯ ದಿನ ತಾನೇ ಹತ್ತಿ ಏರಿಯ ತನಕ ಹೋಗಿ ಬಂದ. ಕುದುರೆ ಹಾಲು ಕುಡಿದ ಮಗುವಿನಂತಿತ್ತು.

ಆದರೆ ಬನ್ನಿಮರಕ್ಕೆ ಹೋಗಬೇಕಾದವನು ಓಬಳಯ್ಯನಲ್ಲವಲ್ಲ! ಅಂದು ಸಂಜೆ ಅವನು ಅರಮನೆಗೆ ಹೋದ.

"ಬುದ್ಧಿ, ಕುದುರೆ ತಮ್ಮನ್ನೇ ಹುಡುಕುತ್ತಿದೆ. ದಿನಾ ಬೆಳಿಗ್ಗೆ ದಯಮಾಡಿಸಿದರೆ..."

"ನನ್ನನ್ನೇ?" ನಾಯಕರ ಎದೆ ಒಂದಂಗುಲ ಉಬ್ಬಿತು.

ಬೆಳಿಗ್ಗೆ ಬಂದವರೇ "ಎಲವೋ!" ಎಂದು ಗುಡುಗಿದರು. ಓಬಳಯ್ಯ ಕುದುರೆಯನ್ನು ಇಪ್ಪತ್ತು ಹೆಜ್ಜೆ ಆಚೆಗೆ ನಡೆಸಿದ. ನಾಯಕರು ಕೈಬೀಸುತ್ತ ನುಗ್ಗಿದರು. ಮತ್ತೆ ಇಪ್ಪತ್ತು ಹೆಜ್ಜೆ. ಮೂರನೆಯ ದಿನ ದಣಿದು, ಬಾಯಿ ಮುಚ್ಚಿ, ಕೈ ಇಳಿಬಿಟ್ಟು ನಿಂತರು. ಕುದುರೆ ತಾನಾಗಿ ಬಂದು ಅವರ ಭುಜಕ್ಕೆ ಮೂತಿ ಒರೆಸಿತು.

ಓಬಳಯ್ಯ ಎಡಗೈಯಿಂದ ಕುದುರೆಗೆ ಬೆಲ್ಲ ಕೊಟ್ಟ. ಬಲಗೈಯಿಂದ ನಾಯಕರಿಗೆ ತಾಂಬೂಲ ಕೊಟ್ಟ.

ಅಲ್ಲಿಂದ ಮುಂದೆ ಹೀಗೇ. ನಾಯಕರು ಹಗ್ಗ ಎಳೆಯದೆ ನಡೆಸಿದರೆ ತಾಂಬೂಲ. ಹತ್ತುವಾಗ ಪಕ್ಕೆಗೆ ಒದೆಯದಿದ್ದರೆ ತಾಂಬೂಲ. ಲಗಾಮು ಜಗ್ಗಿದರೆ, "ಇಳಿಯಬೇಕು ಬುದ್ಧಿ, ಕುದುರೆಗೆ ದಣಿವಾಯಿತು." ಹದಿನೈದು ದಿನ ಕಳೆಯುವಷ್ಟರಲ್ಲಿ ನಾಯಕರ ತುಟಿ ಕೆಂಪಾಗಿತ್ತು, ಕೈ ಮೆತ್ತಗಾಗಿತ್ತು.

ವಿಜಯದಶಮಿ ಬಂತು. ಊರಿಗೆ ಊರೇ ದಾರಿಯ ಎರಡೂ ಬದಿಗೆ ನೆರೆಯಿತು. ನಗಾರಿ ಒಮ್ಮೆಲೇ ಗುಡುಗಿತು, ಕೊಂಬು ಕೂಗಿತು, ನಾಯಕರ ತಲೆಯ ಮೇಲೆ ಕೊಡೆ ಫಟ್ಟನೆ ಬಿಚ್ಚಿಕೊಂಡಿತು. ಒಂದು ಕುದುರೆ ಹಿಂಗಾಲಲ್ಲಿ ನಿಂತು, ಜನರ ಗುಂಪನ್ನು ಸೀಳಿಕೊಂಡು ಓಡಿ, ಸವಾರನ ಸಮೇತ ಕೆರೆಗೆ ಹಾರಿತು.

ಅದು ದಳವಾಯಿಯ ಬಿಳಿಕುದುರೆ.

ಕರಿಕುದುರೆ ಕಿವಿ ಆಡಿಸಿತು, ಅಷ್ಟೆ. ಬನ್ನಿಮರದ ತನಕ ಹೆಜ್ಜೆ ಎಣಿಸಿದಂತೆ ನಡೆದು ನಿಂತಿತು.

"ಗೂಳಪ್ಪನ ಕುದುರೆಯ ಸುಳಿ ಹೇಗಿತ್ತಯ್ಯಾ?" ನಾಯಕರು ಜೀನಿನ ಮೇಲಿಂದಲೇ ಕೇಳಿದರು.

"ಬಲು ಶುಭ, ಬುದ್ಧಿ. ಅವರೇ ನೋಡಿ ಆರಿಸಿದ್ದು."

"ಭಲೇ! ಇಷ್ಟು ಮೊಂಡು ಪ್ರಾಣಿಯನ್ನು ನಲವತ್ತೇ ದಿನದಲ್ಲಿ ಹೇಗೆ ಪಳಗಿಸಿದೆ?"

"ಕುದುರೆಗೆ ಇಪ್ಪತ್ತೇ ದಿನ ಸಾಕಾಯಿತು."

"ಮತ್ತೆ ಉಳಿದ ಇಪ್ಪತ್ತು?"

ಓಬಳಯ್ಯ ಕುದುರೆಯ ಕತ್ತು ತಟ್ಟಿದ. "ಉಳಿದ ಇಪ್ಪತ್ತು ದಿನ ಬೆಳಿಗ್ಗೆ ತಾವು ದಯಮಾಡಿಸುತ್ತಿದ್ದಿರಲ್ಲ, ಬುದ್ಧಿ."

ನಾಯಕರು ಗುಡುಗಲು ಬಾಯಿ ತೆರೆದರು. ಕುದುರೆಯ ಕಿವಿ ಹಿಂದಕ್ಕೆ ತಿರುಗಿತು. ನಾಯಕರು ಬಾಯಿ ಮುಚ್ಚಿದರು, ಲಗಾಮು ಸಡಿಲಬಿಟ್ಟರು, ಉಸಿರು ಹೊರಹಾಕಿದರು.

ಓಬಳಯ್ಯ ತಾಂಬೂಲ ಚಾಚಿದ.

ನಾಯಕರು ಅಭ್ಯಾಸಬಲದಿಂದ ಅದನ್ನು ಬಾಯಿಗಿಟ್ಟುಕೊಂಡು ಎರಡು ಸಲ ಜಗಿದರು. ಆಮೇಲೆ ಅವರ ಕಣ್ಣು ಓಬಳಯ್ಯನ ಇನ್ನೊಂದು ಕೈಯಲ್ಲಿದ್ದ ಬೆಲ್ಲದ ಚೂರಿನ ಮೇಲೆ ಬಿತ್ತು. ಜಗಿಯುವುದು ನಿಂತಿತು.

ಬನ್ನಿಮರದ ಕಾಗೆಗಳೆಲ್ಲ ಹಾರಿಹೋಗುವ ಹಾಗೆ ನಾಯಕರು ನಕ್ಕರು. ಕೈಯ ಚಿನ್ನದ ಕಡಗ ತೆಗೆದು ಓಬಳಯ್ಯನತ್ತ ಎಸೆದರು.

"ಗುಡುಗಲಿಲ್ಲ ತಾನೇ?" ಎಂದು ಕೈಚಾಚಿದರು. "ಇನ್ನೊಂದು ಕೊಡು."